ಚಕ್ರದ ಬೀಗದ ನಟ್ಟು: ಕೀಲಿಕೈ ಇಲ್ಲದೆ ಬಿಚ್ಚುವ ಕ್ರಮ ಹಾಗೂ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ

ಗ್ರಾಮ ಪಂಚಾಯತಿಗಳು ಇಂದು ವಾಹನಗಳ ಒಡೆತನವನ್ನೂ ಹೊಂದಿವೆ. ಮನೆಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿ ವಾಹನವು ರಾಜ್ಯದ ಹಳ್ಳಿಗಳಲ್ಲಿ ನಿತ್ಯದ ದೃಶ್ಯವಾಗಿದೆ. ಅನೇಕ ಕಡೆ ಸಂಜೀವಿನಿ ಒಕ್ಕೂಟದ ಮಹಿಳೆಯರೇ ಅದನ್ನು ಚಲಾಯಿಸುತ್ತಿದ್ದಾರೆ. ವಾಹನ ಖರೀದಿಸುವಾಗ ಸಭೆಗಳಲ್ಲಿ ದೀರ್ಘವಾದ ಚರ್ಚೆ ನಡೆಯುತ್ತದೆ. ಖರೀದಿಸಿದ ಮೇಲೆ ಅದರ ಪಾಲನೆಯ ಕುರಿತು ಅಷ್ಟು ಚರ್ಚೆ ನಡೆಯುವುದಿಲ್ಲ. ಚಕ್ರಕ್ಕೆ ಹಾಕುವ ಬೀಗದ ನಟ್ಟು ಎಂಬ ಅಂಗೈಯಲ್ಲಿ ಅಡಗುವಷ್ಟು ಸಣ್ಣ ವಸ್ತುವೊಂದನ್ನು ಆಧಾರವಾಗಿಟ್ಟುಕೊಂಡು, ಕೀಲಿಕೈ ಕಳೆದುಹೋದಾಗ ಅದನ್ನು ಸುರಕ್ಷಿತವಾಗಿ ಬಿಚ್ಚುವ ಕ್ರಮವನ್ನೂ ಸಾರ್ವಜನಿಕ ಆಸ್ತಿಯ ಪಾಲನೆಯಲ್ಲಿ ಸದಸ್ಯರಿಗಿರುವ ಹೊಣೆಯನ್ನೂ ಈ ಪಾಠವು ವಿವರಿಸುತ್ತದೆ. ಸ್ವಂತ ಕಾರು ಉಳ್ಳ ಸದಸ್ಯರಿಗೂ ಇಲ್ಲಿನ ತಾಂತ್ರಿಕ ವಿವರಗಳು ಉಪಯೋಗಕ್ಕೆ ಬರುತ್ತವೆ.

1. ಒಂದು ಪ್ರಸಂಗ

ಒಂದು ಗ್ರಾಮ ಪಂಚಾಯತಿಯ ಕಚೇರಿಯ ಮುಂದಿನ ಬಯಲಿನಲ್ಲಿ ನಿಲ್ಲಿಸಿದ್ದ ಕಸ ಸಂಗ್ರಹ ವಾಹನದ ಹಿಂಬದಿ ಚಕ್ರವನ್ನು ಒಂದು ರಾತ್ರಿ ಯಾರೋ ಬಿಚ್ಚಿಕೊಂಡು ಹೋದರು. ಮುಂದಿನ ಸಾಮಾನ್ಯ ಸಭೆಯಲ್ಲಿ ನಾಲ್ಕೂ ಚಕ್ರಗಳಿಗೆ ಒಂದೊಂದು ಬೀಗದ ನಟ್ಟನ್ನು ಹಾಕಿಸಲು ತೀರ್ಮಾನವಾಯಿತು. ನಟ್ಟುಗಳು ಬಂದವು, ಅವುಗಳೊಂದಿಗೆ ಒಂದೇ ಒಂದು ಕೀಲಿಕೈಯೂ ಬಂದಿತು. ಬಿಲ್ಲು ಪಾವತಿಯಾಯಿತು. ಕೀಲಿಕೈಯು ಯಾರ ವಶದಲ್ಲಿರಬೇಕೆಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಕೆಲವು ತಿಂಗಳ ಬಳಿಕ ಚಾಲಕಿ ಬದಲಾದರು. ಹೊಸ ಚಾಲಕಿಯು ವಾಹನದ ಸ್ಟಾರ್ಟಿಂಗ್ ಕೀಲಿಯನ್ನು ಪಡೆದು ಕೆಲಸ ಆರಂಭಿಸಿದರು. ಐದನೆಯ ತಿಂಗಳಿನ ಒಂದು ಸೋಮವಾರ ಬೆಳಿಗ್ಗೆ ಹಿಂದಿನ ಎಡ ಚಕ್ರ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯವನು ಮೂರು ನಟ್ಟುಗಳನ್ನು ಸಡಿಲಿಸಿ ನಾಲ್ಕನೆಯದರ ಬಳಿ ಕೈ ನಿಲ್ಲಿಸಿದನು. “ಅಕ್ಕಾ, ಇದಕ್ಕೆ ಬೇರೆ ಕೀಲಿ ಬೇಕು. ನಿಮ್ಮ ಹತ್ರ ಕೊಟ್ಟಿಲ್ವಾ?” ಎಂದು ಕೇಳಿದನು. ಅಂತಹದೊಂದು ಕೀಲಿಕೈ ಇದೆಯೆಂಬುದೇ ಚಾಲಕಿಗೆ ತಿಳಿದಿರಲಿಲ್ಲ.

ವಾಹನವು ಮೂರು ದಿನ ನಿಂತಿತು. ನಾಲ್ಕು ಊರುಗಳ ಕಸ ಮನೆಗಳ ಮುಂದೆಯೇ ಉಳಿಯಿತು. ಕೀಲಿಕೈ ಕಳೆದವರೇ ವೆಚ್ಚವನ್ನು ಭರಿಸಬೇಕು, ಚಾಲಕಿಯ ಗೌರವಧನದಲ್ಲಿ ಕಡಿತ ಮಾಡಬೇಕು ಎಂಬ ಮಾತು ಸದಸ್ಯರಲ್ಲಿ ಕೇಳಿಬಂದಿತು. ಈ ಪ್ರಸಂಗದ ಕೊನೆಯನ್ನು ಪಾಠದ ಅಂತ್ಯದಲ್ಲಿ ನೋಡಲಾಗುವುದು. ಅದಕ್ಕೆ ಮೊದಲು ಈ ನಟ್ಟಿನ ರಚನೆಯನ್ನು ಅರಿಯುವುದು ಅಗತ್ಯ.

2. ಬೀಗದ ನಟ್ಟಿನ ರಚನೆ

ಸಾಮಾನ್ಯ ಚಕ್ರದ ನಟ್ಟು ಆರು ಮೂಲೆಗಳುಳ್ಳದ್ದು. ಅಳತೆ ಸರಿಯಿರುವ ಯಾವುದೇ ವೀಲ್ ಸ್ಪ್ಯಾನರ್ ಅದಕ್ಕೆ ಹೊಂದುತ್ತದೆ. ಆದುದರಿಂದಲೇ ಕಳ್ಳನಿಗೂ ಅದು ಸುಲಭ. ಬೀಗದ ನಟ್ಟಿನ ತಲೆಯು ದುಂಡಗಿದ್ದು, ಅದರ ಮೇಲೆ ವಿಶಿಷ್ಟ ವಿನ್ಯಾಸದ ಗಾಡಿ ಅಥವಾ ಹಲ್ಲುಗಳನ್ನು ಕೊರೆಯಲಾಗಿರುತ್ತದೆ. ಅದೇ ವಿನ್ಯಾಸದ ತದ್ರೂಪವನ್ನು ಒಳಗೆ ಹೊಂದಿರುವ ಸಣ್ಣ ಉಕ್ಕಿನ ತುಂಡೇ ಕೀಲಿಕೈ. ಅದರ ಒಂದು ತುದಿ ನಟ್ಟಿನ ಮೇಲೆ ಕೂರುತ್ತದೆ. ಇನ್ನೊಂದು ತುದಿಗೆ ಮಾಮೂಲಿ ಸ್ಪ್ಯಾನರ್ ಹಿಡಿಯುತ್ತದೆ. ಪ್ರತಿ ಚಕ್ರಕ್ಕೆ ಇಂತಹ ನಟ್ಟು ಒಂದು ಇದ್ದರೆ ಸಾಕು. ಉಳಿದವು ಸಾಮಾನ್ಯ ನಟ್ಟುಗಳೇ ಆಗಿರುತ್ತವೆ. ಬೆಲೆಬಾಳುವ ಅಲಾಯ್ ಚಕ್ರಗಳಿರುವ ಕಾರುಗಳಲ್ಲಿ ಇದರ ಬಳಕೆ ಹೆಚ್ಚು. ಕೆಲವು ಕಾರುಗಳಲ್ಲಿ ನಟ್ಟಿನ ಬದಲು ಬೋಲ್ಟು ಇರುತ್ತದೆ, ತತ್ತ್ವ ಒಂದೇ.

ಕೆಲವು ಬೀಗದ ನಟ್ಟುಗಳ ಸುತ್ತ ಸಡಿಲವಾಗಿ ತಿರುಗುವ ಉಕ್ಕಿನ ಬಳೆಯೊಂದು ಇರುತ್ತದೆ. ಹೊರಗಿನಿಂದ ಯಾವ ಉಪಕರಣ ಹಿಡಿದರೂ ಬಳೆ ಮಾತ್ರ ತಿರುಗುತ್ತದೆ, ಒಳಗಿನ ನಟ್ಟು ಅಲುಗುವುದಿಲ್ಲ. ಮೇಲಿನ ಪ್ರಸಂಗದಲ್ಲಿ ಇದ್ದುದು ಇಂತಹ ನಟ್ಟೇ. ಪಂಕ್ಚರ್ ಅಂಗಡಿಯವನು ಹಳೆಯ ಸಾಕೆಟ್ ಒಂದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ ತಿರುಗಿಸಿದಾಗ ಬಳೆಯು ಗಿರ್ರನೆ ಸುತ್ತಿತೇ ಹೊರತು ಫಲ ದೊರೆಯಲಿಲ್ಲ.

3. ಬಿಗಿತದ ಲೆಕ್ಕ

ನಟ್ಟನ್ನು ತಿರುಗಿಸುವ ಬಲವನ್ನು ತಿರುಚುಬಲ ಅಥವಾ ಟಾರ್ಕ್ ಎನ್ನುತ್ತಾರೆ. ಇದನ್ನು ನ್ಯೂಟನ್ ಮೀಟರ್‌ಗಳಲ್ಲಿ ಅಳೆಯಲಾಗುತ್ತದೆ. ಅನೇಕ ಸಣ್ಣ ಕಾರುಗಳ ಚಕ್ರದ ನಟ್ಟುಗಳಿಗೆ ಇದು ಸುಮಾರು 85 ರಿಂದ 120 ನ್ಯೂಟನ್ ಮೀಟರ್ ಇರುತ್ತದೆ. ನಿಖರವಾದ ಅಂಕಿಯನ್ನು ಆಯಾ ವಾಹನದ ಕೈಪಿಡಿಯಲ್ಲಿಯೇ ನೋಡಬೇಕು.

100 ನ್ಯೂಟನ್ ಮೀಟರ್ ಎಂದರೆ, 40 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 25 ಕಿಲೋ ತೂಕವನ್ನು ತೂಗುಹಾಕಿದಷ್ಟು ಬಲ. ಆರೋಗ್ಯವಂತ ವ್ಯಕ್ತಿಯ ಕೈಬಲಕ್ಕೆ ಇದು ಎಟುಕುವಂತಹುದು. ಆದರೆ 60 ಕಿಲೋ ತೂಕದ ವ್ಯಕ್ತಿಯೊಬ್ಬ ಅದೇ ಸ್ಪ್ಯಾನರಿನ ತುದಿಯ ಮೇಲೆ ಹತ್ತಿ ನಿಂತರೆ ತಿರುಚುಬಲ 235 ನ್ಯೂಟನ್ ಮೀಟರ್ ಆಗುತ್ತದೆ. ಅಂದರೆ ಬೇಕಾದುದಕ್ಕಿಂತ ಎರಡು ಪಟ್ಟಿಗೂ ಅಧಿಕ. ಕಾಲಿನಿಂದ ತುಳಿದು ಬಿಗಿಗೊಳಿಸಿದ ನಟ್ಟು ಮುಂದೊಂದು ದಿನ ಸರಿಯಾದ ಕೀಲಿಕೈ ಇದ್ದರೂ ಬಿಚ್ಚಿಕೊಳ್ಳುವುದಿಲ್ಲ. ಕೀಲಿಕೈಯ ಹಲ್ಲೇ ಮುರಿಯುವುದೂ ಉಂಟು. “ಗಟ್ಟಿಯಾಗಿ ಬಿಗಿ ಮಾಡಿ” ಎಂಬ ಮಾತು ಎಲ್ಲ ಸಂದರ್ಭದಲ್ಲೂ ಒಳ್ಳೆಯ ಸಲಹೆಯಲ್ಲ.

4. ಮೊದಲ ಹೆಜ್ಜೆ: ಹುಡುಕುವುದು ಮತ್ತು ಕೇಳುವುದು

ನಟ್ಟನ್ನು ಒಡೆಯುವ ಯೋಚನೆಗೆ ಮುನ್ನ ಈ ಕೆಳಗಿನ ಕ್ರಮವನ್ನು ಅನುಸರಿಸಬೇಕು.

(ಅ) ವಾಹನದಲ್ಲಿಯೇ ಹುಡುಕುವುದು. ಜಾಕ್ ಮತ್ತು ಸ್ಪ್ಯಾನರ್ ಇಡುವ ಚೀಲ, ಸ್ಟೆಪ್ನಿ ಇಡುವ ಜಾಗ, ಆಸನದ ಕೆಳಭಾಗ, ಡ್ಯಾಶ್‌ಬೋರ್ಡಿನ ಪೆಟ್ಟಿಗೆ, ಬಾಗಿಲಿನ ಜೇಬು, ಕೈಪಿಡಿಯ ಚೀಲ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವೆಲ್ಲವನ್ನೂ ಖಾಲಿ ಮಾಡಿ ನೋಡಬೇಕು.

(ಆ) ಹಿಂದೆ ವಾಹನ ನಡೆಸಿದವರನ್ನು ಮತ್ತು ಕೊನೆಯ ಬಾರಿ ಟೈರ್ ಕೆಲಸ ಮಾಡಿದ ಅಂಗಡಿಯವರನ್ನು ಕೇಳಬೇಕು. ಕೆಲಸ ಮುಗಿದ ಮೇಲೆ ಕೀಲಿಕೈಯು ಗ್ಯಾರೇಜಿನಲ್ಲಿಯೇ ಉಳಿಯುವುದು ಅಪರೂಪವಲ್ಲ.

(ಇ) ಸಂಕೇತ ಸಂಖ್ಯೆಯನ್ನು ಹುಡುಕಬೇಕು. ಹೆಚ್ಚಿನ ನಟ್ಟುಗಳ ಜೊತೆಗೆ ಸಂಖ್ಯೆಯಿರುವ ಸಣ್ಣ ಚೀಟಿಯೊಂದು ಬರುತ್ತದೆ; ಕೆಲವೊಮ್ಮೆ ಕೀಲಿಕೈಯ ಮೇಲೆಯೇ ಅದನ್ನು ಕೆತ್ತಿರುತ್ತಾರೆ. ಆ ಸಂಖ್ಯೆಯಿದ್ದರೆ ತಯಾರಕರಿಂದ ಬದಲಿ ಕೀಲಿಕೈಯನ್ನು ತರಿಸಬಹುದು. ಪಂಚಾಯತಿಯಲ್ಲಿ ಈ ಚೀಟಿ ಇರಬಹುದಾದ ಸ್ಥಳವೆಂದರೆ ವೋಚರ್ ಕಡತ.

(ಈ) ಕಾರು ತಯಾರಕರೇ ಅಳವಡಿಸಿದ ನಟ್ಟಾಗಿದ್ದಲ್ಲಿ ಅಧಿಕೃತ ಸೇವಾ ಕೇಂದ್ರವನ್ನು ಸಂಪರ್ಕಿಸಬೇಕು. ತಮ್ಮ ಕಾರುಗಳಿಗೆ ಬಳಸಿದ ವಿನ್ಯಾಸಗಳ ಕೀಲಿಕೈ ಗುಚ್ಛವನ್ನು ಅನೇಕ ಕೇಂದ್ರಗಳು ಇಟ್ಟುಕೊಂಡಿರುತ್ತವೆ.

ಕೀಲಿಕೈ ಇಲ್ಲದೆ ನಟ್ಟು ಬಿಚ್ಚಿಸಲು ಹೋಗುವಾಗ ವಾಹನದ ನೋಂದಣಿ ಪತ್ರದ ಪ್ರತಿಯನ್ನೂ ಪಂಚಾಯತಿಯ ಪತ್ರವನ್ನೂ ಒಯ್ಯಬೇಕು. ವಾಹನ ಯಾರದೆಂದು ಕೇಳುವ ಗ್ಯಾರೇಜಿನವನು ತನ್ನ ಕರ್ತವ್ಯವನ್ನೇ ಮಾಡುತ್ತಿರುತ್ತಾನೆ, ಅದರಿಂದ ಬೇಸರಪಡಬೇಕಾಗಿಲ್ಲ.

5. ಕೀಲಿಕೈ ಇಲ್ಲದೆ ಬಿಚ್ಚುವ ಕ್ರಮ

ಮೇಲಿನ ಯಾವ ದಾರಿಯೂ ಫಲಿಸದಿದ್ದಾಗ ಮಾತ್ರ ಈ ಕೆಲಸಕ್ಕೆ ಕೈಹಾಕಬೇಕು. ಇದನ್ನು ಅನುಭವಿ ಮೆಕ್ಯಾನಿಕ್ಕೇ ಮಾಡತಕ್ಕದ್ದು. ಆದರೂ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ಗಮನಿಸಲು ಸದಸ್ಯರಿಗೆ ಕ್ರಮ ತಿಳಿದಿರಬೇಕು.

ಸಿದ್ಧತೆ: ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಇರಿಸಿ, ಬೇರೆ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡಿನ ತಡೆ ಕೊಡಬೇಕು. ಈ ಹಂತದಲ್ಲಿ ಜಾಕ್ ಏರಿಸಕೂಡದು. ಜಾಕ್ ಮೇಲಿರುವ ವಾಹನವನ್ನು ಜಗ್ಗಾಡಿದರೆ ಅದು ಉರುಳಿ ಬೀಳಬಹುದು. ಉಳಿದ ನಟ್ಟುಗಳು ಬಿಗಿಯಾಗಿರುವಾಗಲೇ ಬೀಗದ ನಟ್ಟನ್ನು ಮೊದಲು ಬಿಚ್ಚಬೇಕು. ಉಳಿದವುಗಳನ್ನು ಮೊದಲೇ ತೆಗೆದರೆ ಚಕ್ರದ ಒತ್ತಡವೆಲ್ಲ ಅದೊಂದರ ಮೇಲೆಯೇ ಬಿದ್ದು ಅದು ಇನ್ನಷ್ಟು ಹಿಡಿದುಕೊಳ್ಳುತ್ತದೆ. ಪಂಕ್ಚರ್ ಅಂಗಡಿಯವನು ಎಡವಿದ್ದು ಇಲ್ಲಿಯೇ.

ಕಣ್ಣಿನ ರಕ್ಷಣೆ: ಬೀಗದ ನಟ್ಟಿನ ಉಕ್ಕು ಬಹಳ ಗಡುಸು. ಸುತ್ತಿಗೆಯ ಪೆಟ್ಟಿಗೆ ಚೂರುಗಳು ಸಿಡಿಯುತ್ತವೆ. ಮೆಕ್ಯಾನಿಕ್ ರಕ್ಷಣಾ ಕನ್ನಡಕವನ್ನು ಧರಿಸಲೇಬೇಕು. ನೋಡಲು ನೆರೆದವರು, ಅದರಲ್ಲೂ ಮಕ್ಕಳು, ದೂರ ನಿಲ್ಲಬೇಕು.

ಮೊದಲ ವಿಧಾನ: ಇದಕ್ಕೆಂದೇ ತಯಾರಿಸಿದ ಎಕ್ಸ್‌ಟ್ರ್ಯಾಕ್ಟರ್ ಸಾಕೆಟ್ ದೊರೆಯುತ್ತದೆ. ಅದರ ಒಳಗೋಡೆಯಲ್ಲಿ ಎಡಕ್ಕೆ ತಿರುಚಿಕೊಂಡ ಚೂಪಾದ ಹಲ್ಲುಗಳಿರುತ್ತವೆ. ನಟ್ಟಿಗಿಂತ ಕೊಂಚ ಕಿರಿದಾದುದನ್ನು ಆಯ್ದು, ಸುತ್ತಿಗೆಯಿಂದ ಹೊಡೆದು ಕೂರಿಸಿ, ಉದ್ದನೆಯ ಹಿಡಿಯಿಂದ ಅಪ್ರದಕ್ಷಿಣವಾಗಿ ಒಂದೇ ಸಮನೆ ತಿರುಗಿಸಬೇಕು. ತಿರುಗಿಸಿದಷ್ಟೂ ಹಲ್ಲುಗಳು ನಟ್ಟಿನೊಳಕ್ಕೆ ಕಚ್ಚಿಕೊಳ್ಳುತ್ತವೆ. ಗಾಳಿಯಂತ್ರದ ಗನ್ ಬಳಸಿ ಝಾಡಿಸುವುದು ಇಲ್ಲಿ ಸಲ್ಲದು. ಗಡುಸು ಉಕ್ಕು ಒಡೆದುಹೋಗಬಹುದು.

ಎರಡನೆಯ ವಿಧಾನ: ತಿರುಗುವ ಬಳೆಯಿದ್ದಲ್ಲಿ ಮೊದಲು ಉಳಿಯಿಂದ ಆ ಬಳೆಯನ್ನು ಸೀಳಿ ತೆಗೆಯಬೇಕು. ಬಳಿಕ ಒಳಗಿನ ನಟ್ಟಿಗೆ ಎಕ್ಸ್‌ಟ್ರ್ಯಾಕ್ಟರ್ ಹಾಕಬೇಕು. ಉಳಿಯ ಪೆಟ್ಟು ಜಾರಿ ಡಿಸ್ಕಿಗೆ ಗಾಯವಾಗದಂತೆ ಅಂಚಿಗೆ ತಗಡಿನ ತುಂಡನ್ನು ಅಡ್ಡವಿಡುವುದು ಒಳ್ಳೆಯದು.

ಮೂರನೆಯ ವಿಧಾನ: ಎಕ್ಸ್‌ಟ್ರ್ಯಾಕ್ಟರ್ ಇಲ್ಲದ ಊರಿನಲ್ಲಿ, ಬಳೆಯಿಲ್ಲದ ನಟ್ಟಿಗೆ, ಹನ್ನೆರಡು ಮೂಲೆಗಳ ಹಳೆಯ ಸಾಕೆಟ್ ಒಂದನ್ನು ಬಿಗಿಯಾಗಿ ಹೊಡೆದು ಕೂರಿಸಿ ತಿರುಗಿಸುವ ರೂಢಿಯಿದೆ. ಇದು ಹಲವು ಬಾರಿ ಫಲಿಸುತ್ತದೆ. ಆದರೆ ಆ ಸಾಕೆಟ್ ಮತ್ತೆ ಕೆಲಸಕ್ಕೆ ಬಾರದು.

ಕೊನೆಯ ವಿಧಾನ: ನಟ್ಟನ್ನು ಡ್ರಿಲ್ಲಿನಿಂದ ಕೊರೆದು ತೆಗೆಯುವುದು. ಇದಕ್ಕೆ ಗಡುಸು ಉಕ್ಕನ್ನು ಕೊರೆಯುವ ಬಿಟ್ಟು, ತಾಳ್ಮೆ ಮತ್ತು ಪರಿಣತ ಕೈ ಬೇಕು. ಇದರಲ್ಲಿ ಸ್ಟಡ್ಡಿಗೂ ಹಾನಿಯಾಗುವ ಸಂಭವವಿರುವುದರಿಂದ ಹೊಸ ಸ್ಟಡ್ಡಿನ ವೆಚ್ಚವನ್ನೂ ಮುಂದಾಗಿಯೇ ಲೆಕ್ಕಕ್ಕೆ ಹಿಡಿಯಬೇಕು.

6. ಬೆಂಕಿಯ ವಿಷಯದಲ್ಲಿ ಎಚ್ಚರ

ನಟ್ಟಿಗೆ ಇನ್ನೊಂದು ನಟ್ಟನ್ನು ವೆಲ್ಡ್ ಮಾಡಿ ತಿರುಗಿಸುವುದು, ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಸಡಿಲಿಸುವುದು ಎಂಬ ಸಲಹೆಗಳು ಬರುತ್ತವೆ. ಟೈರ್ ಜೋಡಿಸಿರುವ ಚಕ್ರದ ಮೇಲೆ ಈ ಕೆಲಸವನ್ನು ಎಂದಿಗೂ ಮಾಡಿಸಕೂಡದು. ಕಾದ ಡಿಸ್ಕಿನಿಂದ ಟೈರಿನೊಳಗಿನ ಗಾಳಿಯ ಒತ್ತಡ ಏರುತ್ತದೆ. ಅಷ್ಟೇ ಅಲ್ಲ, ಶಾಖಕ್ಕೆ ಒಳಗಿನ ರಬ್ಬರು ವಿಘಟಿಸಿ ಉರಿಯುವ ಅನಿಲಗಳು ಹುಟ್ಟುತ್ತವೆ. ಇವು ಹೊತ್ತಿಕೊಂಡರೆ ಟೈರು ಬಾಂಬಿನಂತೆ ಸಿಡಿಯುತ್ತದೆ. ಸಿಡಿತವು ಕಾಯಿಸಿದ ಕೂಡಲೇ ಆಗಬೇಕೆಂದೇನೂ ಇಲ್ಲ, ತಡವಾಗಿಯೂ ಆಗಬಹುದು. ಗಾಳಿ ಬಿಟ್ಟ ಮಾತ್ರಕ್ಕೆ ಅಪಾಯ ಪೂರ್ತಿ ತಪ್ಪಿತೆಂದು ತಿಳಿಯುವುದೂ ತಪ್ಪು. ಪಂಚಾಯತಿಯ ಟ್ರ್ಯಾಕ್ಟರ್ ಮತ್ತು ನೀರಿನ ಟ್ಯಾಂಕರ್‌ಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಮೇಲಿನ ಪ್ರಸಂಗದಲ್ಲಿ ಎರಡನೆಯ ದಿನ ವೆಲ್ಡಿಂಗ್ ಅಂಗಡಿಯವನೊಬ್ಬನನ್ನು ಕರೆತರಲಾಗಿತ್ತು. ಅವನು ಜ್ವಾಲೆಯನ್ನು ಹೊತ್ತಿಸುವಷ್ಟರಲ್ಲಿ ಚಾಲಕಿಯು ಅಡ್ಡ ನಿಂತು, “ಟೈರು ಬಿಚ್ಚದೆ ಬೆಂಕಿ ಹಿಡೀಬೇಡಿ ಅಣ್ಣಾ, ಗಾಡಿ ಇನ್ನೆರಡು ದಿನ ನಿಂತರೆ ನಿಲ್ಲಲಿ” ಎಂದರು. ಗಾಡಿ ನಿಂತಿದೆಯೆಂದು ದೂರುವವರೆಲ್ಲ ಸುತ್ತಲೂ ಇದ್ದರು. ಕಡಿತದ ಮಾತು ಆಗಲೇ ಚಾಲಕಿಯ ಕಿವಿಗೂ ಬಿದ್ದಿತ್ತು. ಆದರೂ ಅವರು ಜಗ್ಗಲಿಲ್ಲ. ವೆಲ್ಡಿಂಗಿನವನು ಹಿಂದಿರುಗಿದನು.

7. ಮತ್ತೆ ಜೋಡಿಸುವಾಗ

ನಟ್ಟು ಬಿಚ್ಚಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಸ್ಟಡ್ಡಿನ ಮರೆಗಳು ಸವೆದಿವೆಯೇ, ಸ್ಟಡ್ ಬಾಗಿದೆಯೇ ಎಂದು ನೋಡಬೇಕು, ಸಂಶಯವಿದ್ದರೆ ಬದಲಾಯಿಸಬೇಕು. ಹೊಸ ನಟ್ಟಿನ ಮರೆಯ ಅಳತೆಯಷ್ಟೇ ಅಲ್ಲ, ಡಿಸ್ಕಿನ ಮೇಲೆ ಕೂರುವ ಅದರ ತಳದ ಆಕಾರವೂ ಹಳೆಯದಕ್ಕೆ ಸಮನಾಗಿರಬೇಕು. ಕೆಲವು ಡಿಸ್ಕುಗಳಿಗೆ ಶಂಕುವಿನಾಕಾರದ ತಳ, ಕೆಲವಕ್ಕೆ ಗೋಳಾಕಾರದ ತಳ, ಇನ್ನು ಕೆಲವಕ್ಕೆ ಚಪ್ಪಟೆ ತಳ ಬೇಕು. ತಳ ಹೊಂದದ ನಟ್ಟು ಬಿಗಿಯಾದಂತೆ ಕಂಡರೂ ಓಟದಲ್ಲಿ ಸಡಿಲಗೊಳ್ಳುತ್ತದೆ.

ಕೈಪಿಡಿಯಲ್ಲಿ ಹೇಳಿರದಿದ್ದರೆ ಮರೆಗಳಿಗೆ ಎಣ್ಣೆ ಅಥವಾ ಗ್ರೀಸ್ ಸವರಬಾರದು. ಸ್ಪ್ಯಾನರಿಗೆ ಹಾಕಿದ ಬಲದ ಬಹುಪಾಲು ಘರ್ಷಣೆಯಲ್ಲಿಯೇ ವ್ಯಯವಾಗುತ್ತದೆ. 12 ಮಿಲಿಮೀಟರ್ ಸ್ಟಡ್ಡಿಗೆ 100 ನ್ಯೂಟನ್ ಮೀಟರ್ ಹಾಕಿದಾಗ ಒಣ ಮರೆಯಲ್ಲಿ ಅಂದಾಜು 4 ಟನ್ ತೂಕದಷ್ಟು ಹಿಡಿತ ಉಂಟಾಗುತ್ತದೆ. ಎಣ್ಣೆ ಸವರಿದರೆ ಘರ್ಷಣೆ ಕಡಿಮೆಯಾಗಿ, ಅಷ್ಟೇ ತಿರುಚುಬಲಕ್ಕೆ ಸ್ಟಡ್ಡಿನ ಎಳೆತ ಬಹಳ ಹೆಚ್ಚುತ್ತದೆ. ಆಗ ಸ್ಟಡ್ ಹಿಗ್ಗಬಹುದು, ತುಂಡಾಗಲೂಬಹುದು.

ನಟ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಬಳಿಕ ಒಂದರ ನಂತರ ಅದರ ಎದುರಿನದು ಎಂಬ ಕ್ರಮದಲ್ಲಿ ಬಿಗಿಗೊಳಿಸಬೇಕು. ಕೊನೆಯ ಬಿಗಿತವನ್ನು ಚಕ್ರ ನೆಲಕ್ಕೆ ತಾಗಿದ ಮೇಲೆ ಟಾರ್ಕ್ ರೆಂಚ್‌ನಿಂದ ಕೊಡಬೇಕು. 50 ರಿಂದ 100 ಕಿಲೋಮೀಟರ್ ಓಡಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು. ಕಸದ ವಾಹನವು ದಿನಕ್ಕೆ ಕೆಲವೇ ಕಿಲೋಮೀಟರ್ ಓಡುವುದರಿಂದ ಈ ಪರೀಕ್ಷೆಯ ದಿನಾಂಕ ಮರೆತುಹೋಗುವುದು ಸಹಜ. ಅದನ್ನು ಲಾಗ್ ಪುಸ್ತಕದಲ್ಲಿಯೇ ಬರೆದಿಡಬೇಕು.

8. ಪ್ರಸಂಗದ ಕೊನೆ

ಮೂರನೆಯ ದಿನ ಪಟ್ಟಣದ ಗ್ಯಾರೇಜಿನ ಮೆಕ್ಯಾನಿಕ್ ಬಂದು, ಬಳೆಯನ್ನು ಸೀಳಿ, ಎಕ್ಸ್‌ಟ್ರ್ಯಾಕ್ಟರಿನಿಂದ ನಟ್ಟನ್ನು ತೆಗೆದನು. ನಾಲ್ಕನೆಯ ದಿನ ಬೆಳಿಗ್ಗೆ ವಾಹನ ಹೊರಟಿತು. ಉಳಿದ ಮೂರು ಚಕ್ರಗಳ ಬೀಗದ ನಟ್ಟುಗಳು ಹಾಗೆಯೇ ಇದ್ದವು. ಅವುಗಳ ಗತಿಯೇನೆಂದು ಯೋಚಿಸುತ್ತ ಕಚೇರಿಯ ಲೆಕ್ಕ ಸಹಾಯಕರು ಹಳೆಯ ಚಾಲಕಿಗೆ ದೂರವಾಣಿ ಕರೆ ಮಾಡಿದರು. ಗಂಡನೊಡನೆ ಬೇರೆ ಊರಿಗೆ ಹೋಗಿ ನೆಲೆಸಿದ್ದ ಅವರು ತಕ್ಷಣ ಉತ್ತರಿಸಿದರು: “ಫಸ್ಟ್ ಏಡ್ ಡಬ್ಬದಲ್ಲಿ ಹತ್ತಿ ಕೆಳಗೆ ಇಟ್ಟಿದೀನಿ ಸಾರ್. ಕಳೆದುಹೋಗಬಾರದು ಅಂತ.”

ಕೀಲಿಕೈ ಅಲ್ಲಿಯೇ ಇತ್ತು. ಮೂರು ದಿನವೂ ಅದು ವಾಹನದೊಳಗೇ ಇತ್ತು. ಐದು ತಿಂಗಳಲ್ಲಿ ಯಾರೂ ಆ ಪೆಟ್ಟಿಗೆಯನ್ನು ತೆರೆದು ನೋಡಿರಲಿಲ್ಲ. ಮೂರು ದಿನಗಳಲ್ಲಿ ಯಾರೂ ಹಳೆಯ ಚಾಲಕಿಯನ್ನು ಕೇಳಿರಲಿಲ್ಲ.

ಮುಂದಿನ ಸಭೆಯಲ್ಲಿ ಗೌರವಧನ ಕಡಿತದ ವಿಷಯ ಚರ್ಚೆಗೆ ಬಂದಾಗ, ಹಿರಿಯ ಸದಸ್ಯೆಯೊಬ್ಬರು ಒಂದೇ ಪ್ರಶ್ನೆ ಕೇಳಿದರು: “ಕೊಟ್ಟಿದ್ದಕ್ಕೆ ಸಹಿ ಎಲ್ಲಿದೆ?” ಸಹಿ ಇರಲಿಲ್ಲ. ಹಸ್ತಾಂತರವೇ ಆಗದ ವಸ್ತುವನ್ನು ಕಳೆದರೆಂದು ಯಾರನ್ನೂ ಹೊಣೆ ಮಾಡಲಾಗದು. ಕಡಿತದ ಪ್ರಸ್ತಾವವು ಅಲ್ಲಿಗೆ ಕೈಬಿಟ್ಟುಹೋಯಿತು. ಬೆಂಕಿಯನ್ನು ತಡೆದ ಚಾಲಕಿಯ ವಿವೇಕವನ್ನು ಸಭೆಯ ನಡವಳಿಯಲ್ಲಿ ದಾಖಲಿಸಲಾಯಿತು.

9. ಪಂಚಾಯತಿಯು ಕೈಗೊಳ್ಳಬೇಕಾದ ಕ್ರಮಗಳು

1. ವಾಹನದೊಂದಿಗೆ ಬಂದ ಪ್ರತಿಯೊಂದು ವಸ್ತುವನ್ನೂ, ಅಂದರೆ ಜಾಕ್, ಸ್ಪ್ಯಾನರ್, ಸ್ಟೆಪ್ನಿ, ಬೀಗದ ನಟ್ಟಿನ ಕೀಲಿಕೈ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇತ್ಯಾದಿಗಳನ್ನು, ಆಸ್ತಿ ವಹಿಯಲ್ಲಿ ಪ್ರತ್ಯೇಕವಾಗಿ ನಮೂದಿಸುವುದು.

2. ಕೀಲಿಕೈಯ ಸಂಕೇತ ಸಂಖ್ಯೆಯನ್ನು ವಹಿಯಲ್ಲಿ ಬರೆದು, ಚೀಟಿಯನ್ನು ಬಿಲ್ಲಿನ ಪ್ರತಿಯೊಂದಿಗೆ ಕಡತದಲ್ಲಿ ಭದ್ರಪಡಿಸುವುದು. ಸಾಧ್ಯವಿದ್ದಲ್ಲಿ ಖರೀದಿಯ ಸಮಯದಲ್ಲಿಯೇ ಎರಡನೆಯ ಕೀಲಿಕೈಯನ್ನು ಪಡೆದು ಕಚೇರಿಯ ಕಪಾಟಿನಲ್ಲಿ ಇರಿಸುವುದು.

3. ಚಾಲಕಿ ಅಥವಾ ಚಾಲಕ ಬದಲಾದಾಗ, ಕೊಡುವವರು ಮತ್ತು ಪಡೆಯುವವರು ಇಬ್ಬರೂ ವಸ್ತುಗಳನ್ನು ಎದುರೆದುರು ಎಣಿಸಿ ಸಹಿ ಮಾಡುವುದು. ಒಕ್ಕೂಟದ ಪ್ರತಿನಿಧಿಯೂ ಅಲ್ಲಿ ಇರುವುದು ಸೂಕ್ತ.

4. ಟೈರ್ ಕೆಲಸಕ್ಕೆ ವಾಹನ ಹೋಗಿ ಬಂದಾಗಲೆಲ್ಲ ಕೀಲಿಕೈ ಮರಳಿ ಬಂದಿದೆಯೆಂದು ಲಾಗ್ ಪುಸ್ತಕದಲ್ಲಿ ಬರೆಯುವುದು.

5. ಮೂರು ತಿಂಗಳಿಗೊಮ್ಮೆ ಇಬ್ಬರು ಸದಸ್ಯರು ವಾಹನದ ಬಳಿಗೇ ಹೋಗಿ, ವಹಿಯನ್ನು ಕೈಯಲ್ಲಿ ಹಿಡಿದು, ಪೆಟ್ಟಿಗೆಗಳನ್ನು ತೆರೆಸಿ ನೋಡುವುದು. ಇದಕ್ಕೆ ಅರ್ಧ ಗಂಟೆ ಸಾಕು.

6. ಯಾವುದೇ ನಷ್ಟವನ್ನು ವಸೂಲು ಮಾಡುವ ಮಾತಿಗೆ ಮುನ್ನ, ಸಂಬಂಧಪಟ್ಟವರ ವಿವರಣೆಯನ್ನು ಲಿಖಿತವಾಗಿ ಪಡೆಯುವುದು ಮತ್ತು ಹಸ್ತಾಂತರದ ದಾಖಲೆಯನ್ನು ಪರಿಶೀಲಿಸುವುದು.

ಬೀಗವು ಆಸ್ತಿಯನ್ನು ಕಳ್ಳನಿಂದ ಕಾಯುತ್ತದೆ. ಕೀಲಿಕೈ ಯಾರ ಬಳಿ ಇದೆ ಎಂಬ ದಾಖಲೆ ಇಲ್ಲದಿದ್ದರೆ, ಅದೇ ಬೀಗವು ಆಸ್ತಿಯನ್ನು ಅದರ ಒಡೆಯರಿಂದಲೇ ಮುಚ್ಚಿಬಿಡುತ್ತದೆ. ಈ ಮಾತು ಚಕ್ರದ ನಟ್ಟಿಗೆ ಹೇಗೋ, ಪಂಪ್ ಹೌಸಿನ ಬಾಗಿಲಿಗೂ ಗ್ರಂಥಾಲಯದ ಕಪಾಟಿಗೂ ಹಾಗೆಯೇ ಅನ್ವಯಿಸುತ್ತದೆ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ತಮ್ಮ ಪಂಚಾಯತಿಯ ವಾಹನಕ್ಕೆ ಬೀಗದ ನಟ್ಟು ಇದೆಯೇ? ಇದ್ದಲ್ಲಿ ಅದರ ಕೀಲಿಕೈ ಈ ದಿನ ಎಲ್ಲಿದೆ, ಅದನ್ನು ಕಣ್ಣಾರೆ ಕಂಡವರು ಯಾರು?

2. ಕೊನೆಯ ಬಾರಿ ಚಾಲಕರು ಬದಲಾದಾಗ ಹಸ್ತಾಂತರ ಪಟ್ಟಿಗೆ ಸಹಿ ಆಗಿದೆಯೇ?

3. ಪಂಚಾಯತಿ ವ್ಯಾಪ್ತಿಯ ಪಂಕ್ಚರ್ ಮತ್ತು ವೆಲ್ಡಿಂಗ್ ಅಂಗಡಿಗಳವರಿಗೆ ಟೈರಿನ ಬಳಿ ಬೆಂಕಿ ಬಳಸುವ ಅಪಾಯವನ್ನು ತಿಳಿಸಲು ಯಾವ ಕ್ರಮ ಕೈಗೊಳ್ಳಬಹುದು?